ಡಿಟಾಕ್ಸ್ ಪೊಟ್ಟಣವೂ ನಮ್ಮ ದಿನದ ಊಟವೂ

(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ, ಈಗ ಪಕ್ಕದ ತಾಲ್ಲೂಕಿನಲ್ಲಿ ವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ಆಹಾರ ಮತ್ತು ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದರು. ಅದರಲ್ಲೂ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ. ಈಚೆಗೆ ವಾರಕ್ಕೆ ಒಬ್ಬರಾದರೂ ನನ್ನನ್ನು ಕೇಳುವ ಪ್ರಶ್ನೆ ಅದು: "ಡಾಕ್ಟ್ರೇ, ನಾನೂ ಡಿಟಾಕ್ಸ್ ಮಾಡಲಾ?"

ಡಿಟಾಕ್ಸ್ ಎಂದರೆ ವಿಷ ತೆಗೆಯುವುದು. ಏಳು ದಿನ ಬರೀ ಜ್ಯೂಸ್ ಕುಡಿಯಿರಿ, ಹದಿನೈದು ದಿನ ಈ ಪುಡಿ ಕದಡಿ ಕುಡಿಯಿರಿ, ಮೈಯಲ್ಲಿ ಸೇರಿರುವ ವಿಷವೆಲ್ಲ ಹೊರಗೆ ಹೋಗುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೊ ಬರುತ್ತದೆ. ಯಾವ ವಿಷ, ಎಷ್ಟಿತ್ತು, ಎಷ್ಟು ಹೋಯಿತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಇಂಥ ಪಥ್ಯಗಳ ಬಗ್ಗೆ ಅದುವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ಮಾರುಕಟ್ಟೆಯ ಡಿಟಾಕ್ಸ್ ಪಥ್ಯ ಕೆಲಸ ಮಾಡುತ್ತದೆ ಎಂದು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ ತೋರಿಸಿದ ಒಂದು ಪ್ರಯೋಗವೂ ಅವರಿಗೆ ಸಿಗಲಿಲ್ಲ.

ವಿಷ ತೆಗೆಯುವ ಏರ್ಪಾಡು ನಮ್ಮ ಮೈಯಲ್ಲೇ ಇದೆ. ಎಂಟನೇ ತರಗತಿಯ ಮಕ್ಕಳೂ ಇದನ್ನು ಹೇಳಬಲ್ಲರು. ಪ್ರೋಟೀನ್ ಬಳಕೆಯಾದಾಗ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಆಗಿ ಬದಲಿಸುತ್ತದೆ. ನಾವು ನುಂಗಿದ ಔಷಧಿಯನ್ನೂ, ಕುಡಿದ ಹೆಂಡವನ್ನೂ ಒಡೆದು ಹಾಕುವುದು ಅದೇ. ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದ್ದನ್ನು ರಕ್ತಕ್ಕೆ ಮರಳಿಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಈ ಕೆಲಸಕ್ಕೆ ಭಾನುವಾರದ ರಜೆಯೂ ಇಲ್ಲ. ಲಿವರಿನ ಈ ಕೆಲಸಕ್ಕೆ ಬೇಕಾದ ಕಿಣ್ವಗಳು ಪ್ರೋಟೀನಿನಿಂದಲೇ ಆಗಿವೆ. ಬರೀ ಜ್ಯೂಸಿನಲ್ಲಿ ಪ್ರೋಟೀನ್ ಇರುವುದು ಅಷ್ಟಕ್ಕಷ್ಟೆ.

"ಆದರೆ ನಮ್ಮ ಭಾವ ವಾರದಲ್ಲಿ ಮೂರು ಕೆಜಿ ಇಳಿದರಲ್ಲ?" ಎನ್ನುತ್ತೀರಿ. ಇಳಿದಿರಬಹುದು. ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ. ಊಟ ಬಿಟ್ಟರೆ ಮೊದಲ ದಿನಗಳಲ್ಲಿ ಆ ದಾಸ್ತಾನು ಖರ್ಚಾಗಿ ನೀರೂ ಹೋಗುತ್ತದೆ. ತಕ್ಕಡಿಯಲ್ಲಿ ಇಳಿದದ್ದರಲ್ಲಿ ಹೆಚ್ಚಿನದು ಈ ನೀರು. ಮತ್ತೆ ಊಟ ಶುರುವಾದ ವಾರದಲ್ಲಿ ಅದು ವಾಪಸು ಬರುತ್ತದೆ. ಕೆಲವು ಪುಡಿಗಳಲ್ಲಿ ಸೋನಾಮುಖಿ ಎಲೆ ಇರುತ್ತದೆ. ಅದು ಭೇದಿ ಮಾಡಿಸುವ ವಸ್ತು. ನಾಲ್ಕು ಸಲ ಹೊರಗೆ ಹೋಗಿಬಂದವರಿಗೆ ಹೊಟ್ಟೆ ತೊಳೆದ ಹಾಗೆ ಅನ್ನಿಸುವುದು ಸಹಜ. ಹೋದದ್ದು ನೀರು, ಲವಣ.

ಇಷ್ಟೇ ಆಗಿದ್ದರೆ ನಾನು ಈ ವೇದಿಕೆಯಲ್ಲಿ ಹೇಳುತ್ತಿರಲಿಲ್ಲ, ದುಡ್ಡು ದಂಡವಾಯಿತು ಎಂದು ಸುಮ್ಮನಾಗುತ್ತಿದ್ದೆ. ಹೋದ ವರ್ಷ ನಮ್ಮ ಆಸ್ಪತ್ರೆಗೆ ಒಬ್ಬ ರೈತರನ್ನು ಕರೆತಂದರು. ಬೆಳಗಿನ ಜಾವ ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ಸರತಿಯಲ್ಲಿ ನಿಂತಿದ್ದವರು ಮೈಯೆಲ್ಲ ಬೆವೆತು ಕುಸಿದುಬಿದ್ದಿದ್ದರು. ರಕ್ತದ ಸಕ್ಕರೆ 42 ಇತ್ತು. ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ವಿಚಾರಿಸಿದರೆ, ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಐದು ದಿನದಿಂದ ಊಟ ಬಿಟ್ಟು ಸೊಪ್ಪಿನ ರಸ, ಪುಡಿ ಕದಡಿದ ನೀರು ಕುಡಿಯುತ್ತಿದ್ದರು. "ಮಾತ್ರೆ ಮಾತ್ರ ಒಂದಿನಾನೂ ತಪ್ಪಿಸಿಲ್ಲ ಸಾಮಿ" ಎಂದರು. ಅಪಾಯ ಅಲ್ಲೇ ಇತ್ತು. ಅವರು ನುಂಗುತ್ತಿದ್ದದ್ದು ಸಕ್ಕರೆ ಇಳಿಸುವ ಮಾತ್ರೆ. ಊಟ ಇಲ್ಲದಿದ್ದರೂ ಅದು ತನ್ನ ಕೆಲಸ ಮಾಡುತ್ತದೆ. ಇದಕ್ಕೆ ತಿರುಗಿ, ಡಿಟಾಕ್ಸ್ ನಂಬಿ ಮಾತ್ರೆಯನ್ನೇ ಬಿಟ್ಟವರು ಸಕ್ಕರೆ ವಿಪರೀತ ಏರಿ ಬರುತ್ತಾರೆ. ಪೊಟ್ಟಣಗಳಿಗೆ ಅವರು ಕೊಟ್ಟದ್ದು 3,500 ರೂಪಾಯಿ. ಆ ದುಡ್ಡಿಗೆ ಮನೆಮಂದಿಗೆಲ್ಲ ತಿಂಗಳ ಬೇಳೆಕಾಳು, ಮೊಟ್ಟೆ ಬರುತ್ತಿತ್ತು.

ತರಕಾರಿಯ ರಸ ತಾನೇ, ಏನಾಗುತ್ತದೆ ಎಂದೂ ಅನ್ನಬೇಡಿ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿಯ ರಸ ಕುಡಿದು ತೀರಿಕೊಂಡರು. ಸೋರೆಕಾಯಿ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಿದೆ ಎಂದು ಅರ್ಥ. ಅಡುಗೆಗೆ ಹೆಚ್ಚುವಾಗ ಚೂರು ಬಾಯಿಗಿಟ್ಟು, ಕಹಿಯಿದ್ದರೆ ತಿಪ್ಪೆಗೆ ಎಸೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಔಷಧಿ ಎಂದರೆ ಕಹಿ ಇರಲೇಬೇಕು ಎಂದು ಮೂಗು ಹಿಡಿದು ಕುಡಿಯುವವರಿಗೆ ಗೊತ್ತಿರುವುದಿಲ್ಲ. ಹಾಗೆಯೇ ಕಿಡ್ನಿ ತೊಂದರೆ ಇರುವವರಿಗೆ ಎಳನೀರು, ಹಣ್ಣಿನ ರಸದಲ್ಲಿರುವ ಪೊಟ್ಯಾಸಿಯಂ ಅಪಾಯ ತರಬಹುದು. ಪಾಲಕಿನ ಹಸಿ ರಸವನ್ನು ದಿನವೂ ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಕಿಡ್ನಿಗೆ ಪೆಟ್ಟು ಕೊಡಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಡಿಟಾಕ್ಸ್ ಮಾರುವವನು ಒಂದು ನಿಜ ಹೇಳುತ್ತಾನೆ: ನಾವು ಸರಿಯಾಗಿ ಉಣ್ಣುತ್ತಿಲ್ಲ. ಅವನು ಹೇಳುವ ಮದ್ದು ಮಾತ್ರ ಸುಳ್ಳು. ಹನ್ನೊಂದು ತಿಂಗಳು ಹೇಗೋ ಉಂಡು, ಒಂದು ವಾರ ರಸ ಕುಡಿದರೆ ಲೆಕ್ಕ ಸರಿಹೋಗುವುದಿಲ್ಲ.

ನಮ್ಮ ತಟ್ಟೆಯನ್ನೇ ನೋಡೋಣ. ತಟ್ಟೆಯ ತುಂಬ ಅನ್ನ ಅಥವಾ ಎರಡು ದೊಡ್ಡ ಮುದ್ದೆ, ಮೇಲೆ ತಿಳಿಸಾರು, ಬದಿಯಲ್ಲಿ ಉಪ್ಪಿನಕಾಯಿ. ಸಂಜೆಗೆ ಬೇಕರಿಯ ಪಫ್ಸು, ಸಕ್ಕರೆ ಹಾಕಿದ ಕಾಫಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಸಾಮಾನ್ಯ ಕೆಲಸದ ವಯಸ್ಕರಿಗೆ ದಿನಕ್ಕೆ ಧಾನ್ಯ 250 ಗ್ರಾಂ ಸಾಕು. ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಮೊಟ್ಟೆ ಮಾಂಸ ಸೇರಿ 85 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ ಬೇಕು. ಉಪ್ಪು ಒಂದು ಟೀ ಚಮಚ, ಅಂದರೆ 5 ಗ್ರಾಂ ಮೀರಬಾರದು. ಅಂದರೆ ಅನ್ನ ಮುದ್ದೆಗಳ ಜಾಗ ಕೊಂಚ ಕಡಿಮೆಯಾಗಿ, ಕಾಳು ಪಲ್ಯಗಳ ಜಾಗ ಹೆಚ್ಚಬೇಕು.

ಇದಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ನಮ್ಮ ಬಸ್ಸಾರನ್ನು ನೆನಪಿಸಿಕೊಳ್ಳಿ. ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಹೆಸರುಕಾಳು, ಅಲಸಂದೆ, ಹುರುಳಿಯ ಜೊತೆ ಬೇಯಿಸಿ ಬಸಿಯುತ್ತೇವೆ. ಬಸಿದ ನೀರು ಸಾರಾಗುತ್ತದೆ, ಸೊಪ್ಪು ಕಾಳು ಪಲ್ಯವಾಗುತ್ತದೆ. ನೀರಿಗೆ ಇಳಿದ ಸತ್ವವೂ ಹಾಳಾಗುವುದಿಲ್ಲ, ನಾರೂ ಹೋಗುವುದಿಲ್ಲ. ಜ್ಯೂಸ್ ಮಾಡುವವರು ನಾರನ್ನು ಸೋಸಿ ಎಸೆಯುತ್ತಾರೆ. ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಮುದ್ದೆ ಉಂಡರೆ ಸಕ್ಕರೆ ಏರುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಗಾತ್ರ ದೊಡ್ಡದಾದರೆ ಖಂಡಿತ ಏರುತ್ತದೆ. ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಚಿಕ್ಕದು ಮಾಡಿ, ಪಲ್ಯವನ್ನು ಹೆಚ್ಚು ಮಾಡಿಕೊಳ್ಳಿ.

ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹತ್ತನೇ ತರಗತಿಯ ಒಂದು ಬೆಂಚಿನಲ್ಲಿ ಇಬ್ಬರು ಕೂತರೆ ಒಬ್ಬಳು ಎಂದುಕೊಳ್ಳಿ. ನಿಮ್ಮ ಮೈಯಿಂದ ತೆಗೆಯಬೇಕಾದ್ದು ಏನೂ ಇಲ್ಲಮ್ಮ, ಸೇರಿಸಬೇಕಾದ್ದು ಬಹಳ ಇದೆ. ತೆಳ್ಳಗಾಗಬೇಕೆಂದು ಬೆಳಗಿನ ತಿಂಡಿ ಬಿಡಬೇಡಿ. ಕಾಳು, ಸೊಪ್ಪು, ಮೊಟ್ಟೆ ತಿನ್ನಿ. ಪಲ್ಯಕ್ಕೆ ನಿಂಬೆ ಹಿಂಡಿಕೊಳ್ಳಿ, ಅದು ಕಬ್ಬಿಣದ ಅಂಶ ಹೀರಲು ನೆರವಾಗುತ್ತದೆ. ಊಟದ ಜೊತೆಗೇ ಟೀ ಕಾಫಿ ಕುಡಿದರೆ ಹೀರುವಿಕೆ ತಗ್ಗುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿ.

ತಾಯಂದಿರಲ್ಲಿ ಒಂದು ಕೋರಿಕೆ. ಎಲ್ಲರಿಗೂ ಬಡಿಸಿ, ಪಲ್ಯ ಮುಗಿದ ಮೇಲೆ ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣುವ ರೂಢಿ ಬಿಡಿ. ನಿಮ್ಮ ಪಾಲಿನ ಕಾಳು ಪಲ್ಯ ಮೊದಲೇ ಎತ್ತಿಡಿ.

ಏಕಾದಶಿ, ಶನಿವಾರದ ಒಪ್ಪತ್ತು ಬಿಡಬೇಕೇ ಎಂದು ಹಿರಿಯರು ಕೇಳಬಹುದು. ಆರೋಗ್ಯವಾಗಿರುವವರ ಒಂದು ದಿನದ ಉಪವಾಸ ಅವರವರ ಶ್ರದ್ಧೆ, ಅದರಿಂದ ತೊಂದರೆಯಿಲ್ಲ. ಸಕ್ಕರೆಗೆ, ಬಿಪಿಗೆ ಮಾತ್ರೆ ನುಂಗುವವರು, ಬಸುರಿಯರು, ಬಾಣಂತಿಯರು ಮಾತ್ರ ಊಟ ಬಿಡುವ ಮೊದಲು ವೈದ್ಯರನ್ನು ಕೇಳಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಐವತ್ತು ವರ್ಷ ಈ ಶಾಲೆ ಊರಿನ ಮಕ್ಕಳಿಗೆ ಕೇಳಿ ತಿಳಿದುಕೊಳ್ಳುವುದನ್ನು ಕಲಿಸಿದೆ. ಪೊಟ್ಟಣ ಹಿಡಿದು ಬಾಗಿಲಿಗೆ ಬಂದವರನ್ನೂ, ಮೊಬೈಲಿನಲ್ಲಿ ಬಂದವರನ್ನೂ ಅದೇ ರೀತಿ ಕೇಳಿ: ಯಾವ ವಿಷ, ಹೇಗೆ ಗೊತ್ತು, ತೋರಿಸಿ. ಉತ್ತರ ಬರದಿದ್ದರೆ ಆ ದುಡ್ಡಿನಲ್ಲಿ ಹೆಸರುಕಾಳು ತನ್ನಿ.