ಹಳೆಯ ಗೋಡೆಗೆ ಸುಣ್ಣದ ಗಾರೆ



ಹಳೆಗೋವೆಯ ಬೊಂ ಜೀಸಸ್ ಚರ್ಚನ್ನು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಎಷ್ಟೋ ಮಂದಿ ನೋಡಿ ಬಂದಿದ್ದೀರಿ. 1605ರಲ್ಲಿ ಮುಗಿದ ಕಟ್ಟಡ. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರ ಇರುವುದು ಅಲ್ಲೇ. ಎದುರಿನ ದೊಡ್ಡ ಚರ್ಚು ಬೆಳ್ಳಗೆ ಹೊಳೆಯುತ್ತಿದ್ದರೆ ಇದು ಮಾತ್ರ ಕೆಂಪು ಚಿರೆಕಲ್ಲನ್ನು ತೋರಿಸಿಕೊಂಡು ನಿಂತಿದೆ. ಮೊದಲಿನಿಂದಲೂ ಹೀಗೇ ಇತ್ತೆಂದು ನೋಡಿದವರಿಗೆ ಅನಿಸುವುದು ಸಹಜ. ಆದರೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ಗೋಡೆಗಳಿಗೂ ಸುಣ್ಣದ ಗಿಲಾವು ಇತ್ತು. ಪೋರ್ತುಗೀಸರ ಆಳ್ವಿಕೆಯ ಕೊನೆಗಾಲದಲ್ಲಿ, 1950ರ ದಶಕದಲ್ಲಿ, ಕಟ್ಟಡಕ್ಕೆ ಪ್ರಾಚೀನ ಕಳೆ ಬರಲಿ ಎಂದು ಅದನ್ನು ಕೆತ್ತಿ ತೆಗೆದರು. ಅಲ್ಲಿಂದೀಚೆಗೆ ಮಳೆಗಾಲ ಬಂದಾಗಲೆಲ್ಲ ಕಲ್ಲು ಸವೆಯುತ್ತಿದೆ. ಗಿಲಾವನ್ನು ಮತ್ತೆ ಹಚ್ಚಿ ಎಂದು ಚರ್ಚಿನವರೂ ವಾಸ್ತುಶಿಲ್ಪಿಗಳೂ ಕೇಳುತ್ತ ಬಂದಿದ್ದಾರೆ. ಅವರ ಮಾತು ನ್ಯಾಯವಾದದ್ದು.

ಚಿರೆಕಲ್ಲಿನ ಗುಣ ನಮಗೆ ಗೊತ್ತಿದ್ದದ್ದೇ. ಕಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ಮೈತುಂಬ ತೂತು. ನೀರು ಇಳಿದರೆ ಒಳಗಿನ ಮೆದು ಮಣ್ಣು ತೊಳೆದುಹೋಗುತ್ತದೆ. ಮಳೆಯ ಹೊಡೆತವನ್ನು ತಾನು ತಿಂದು ಕಲ್ಲನ್ನು ಉಳಿಸುವುದು ಸುಣ್ಣದ ಕೆಲಸ.

ಆ ಸುಣ್ಣ ಬರುತ್ತಿದ್ದುದು ಎಲ್ಲಿಂದ? ನಮ್ಮ ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ತದಡಿಯ ಬಳಿ ಕಡಲು ಸೇರುವಲ್ಲಿ ಬಳಚು ಎಂಬ ಚಿಪ್ಪುಜೀವಿ ಹೇರಳ. ಇಂಥ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಕರಾವಳಿಯ ಹಳೆಯ ಕಸುಬು. ಸುಮಾರು 900 ಡಿಗ್ರಿ ಕಾವಿನಲ್ಲಿ ಚಿಪ್ಪಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹೊಯ್ದರೆ ಭುಸುಗುಟ್ಟಿ, ಹಬೆಯೆದ್ದು, ಬೆಣ್ಣೆಯ ಹಾಗೆ ಅರಳುತ್ತದೆ. ಅದಕ್ಕೆ ಹೊಳೆಮರಳು, ಬೆಲ್ಲದ ನೀರು ಸೇರಿಸಿ, ಕೆಲವು ದಿನ ಕೊಳೆಯಲು ಬಿಟ್ಟು, ಕುಟ್ಟಿ ಕುಟ್ಟಿ ಗಾರೆ ಹದ ಮಾಡುತ್ತಿದ್ದರು. ಗೋಡೆಗೆ ಹಚ್ಚಿದ ಮೇಲೆ ಸುಣ್ಣ ತಾನು ಕಳೆದುಕೊಂಡಿದ್ದ ಅನಿಲವನ್ನೇ ಗಾಳಿಯಿಂದ ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಬೇಕು.

ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೆಸರು ತಂದ ಕಾವಿ ಚಿತ್ರಗಳ ಗುಟ್ಟೂ ಇದೇ. ಗಾರೆ ಇನ್ನೂ ಹಸಿ ಇರುವಾಗಲೇ ಕೆಂಪು ಕಾವಿಯ ಪದರ ಕೊಟ್ಟು, ಚೂಪು ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲೆಲ್ಲ ಒಳಗಿನ ಬಿಳಿ ಕಾಣಿಸಿ ಬಳ್ಳಿ, ಹಕ್ಕಿ, ದೇವರ ರೂಪ ಮೂಡುತ್ತವೆ. ಬಣ್ಣ ಸುಣ್ಣದ ಜೊತೆಗೇ ಕಲ್ಲಾಗುವುದರಿಂದ ತಲೆಮಾರುಗಳು ಕಳೆದರೂ ನಿಲ್ಲುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಗೋಡೆಯ ಚಿತ್ರಗಳಿಗೆ ಕೈಹಾಕಿದಾಗ ನಂಬಿದ್ದೂ ಹಸಿ ಸುಣ್ಣದ ಈ ಗುಣವನ್ನೇ.

ಸಿಮೆಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೇತುವೆಗೆ ಅದು ಬೇಕು. ಹಳೆಯ ಚಿರೆಕಲ್ಲಿನ ಗೋಡೆಗೆ ಮಾತ್ರ ಅದು ಒಗ್ಗುವುದಿಲ್ಲ. ಸಿಮೆಂಟಿನ ಗಿಲಾವು ಬಿಗಿ. ಅಡಿಪಾಯದಿಂದ ಏರಿದ ತೇವ, ಮಾಡಿನಿಂದ ಸೋರಿದ ನೀರು ಹೊರಬರಲು ದಾರಿ ಸಿಗದೆ ಕಲ್ಲಿನಲ್ಲೇ ನಿಲ್ಲುತ್ತದೆ. ನೀರಿನೊಂದಿಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಪುಡಿಮಾಡುತ್ತದೆ. ಹೊರಗಿನಿಂದ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ಗಿಲಾವಿನ ಹಲ್ಲೆ ಬಿದ್ದಾಗ ಕಲ್ಲಿನ ಮುಖವೂ ಅದಕ್ಕೆ ಅಂಟಿಕೊಂಡು ಬಂದಿರುತ್ತದೆ. ಸುಣ್ಣವಾದರೋ ತೇವವನ್ನು ಹೊರಗೆ ಬಿಡುತ್ತದೆ, ಗೋಡೆ ತುಸು ಅಲುಗಿದರೂ ತಾಳಿಕೊಳ್ಳುತ್ತದೆ.

ಹಳೆಯ ಕಟ್ಟಡಕ್ಕೆ ಹಳೆಯ ರೀತಿಯನ್ನೇ ಆರಿಸಿಕೊಂಡವರು ಬೇರೆಡೆಯೂ ಇದ್ದಾರೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಮಾಡು 2019ರಲ್ಲಿ ಸುಟ್ಟುಹೋದಾಗ ಕಾಂಕ್ರೀಟು, ಉಕ್ಕು ಎಂಬ ಸಲಹೆಗಳೂ ಬಂದಿದ್ದವು. ಅಲ್ಲಿಯ ಬಡಗಿಗಳು ಓಕ್ ಮರವನ್ನು ಕೊಡಲಿಯಿಂದ ಕೆತ್ತಿ ಹಳೆಯ ರೀತಿಯಲ್ಲೇ ಕಟ್ಟಿದರು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು.

ನಿಮ್ಮೂರಿನ ಹಳೆಯ ಚರ್ಚು, ಬಸದಿ, ದೇವಸ್ಥಾನದ ಜೀರ್ಣೋದ್ಧಾರದ ಮಾತು ಬಂದರೆ ಮೊದಲು ಗೋಡೆಯಿಂದ ಒಂದು ಹಿಡಿ ಗಾರೆ ತೆಗೆದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಎಷ್ಟು ಸುಣ್ಣ, ಎಂಥ ಮರಳು ಎಂಬುದು ಅದರಲ್ಲೇ ಇರುತ್ತದೆ. ಮಾಡಿನ ಸೋರಿಕೆ ನಿಲ್ಲಿಸದೆ ಗೋಡೆ ಮುಟ್ಟಬೇಡಿ. ದೀಪಾವಳಿ ಕಳೆದ ಮೇಲೆ ಗಾರೆ ಕೆಲಸ ಹಿಡಿದರೆ ಒಣಗಲು ಮಳೆಗಾಲದವರೆಗೆ ಸಮಯ ಸಿಗುತ್ತದೆ. ಹೊಸ ಗಿಲಾವಿನ ಮೇಲೆ ನೇರ ಬಿಸಿಲು ಬೀಳದಂತೆ ಒದ್ದೆ ಗೋಣಿ ಇಳಿಬಿಟ್ಟು, ದಿನವೂ ನೀರು ಚಿಮುಕಿಸುತ್ತಿರಿ.