ದಾದಿಯ ಮಾತು, ರೋಗಿಯ ಭಾಷೆ

(ರಾಜಾಜಿನಗರದಲ್ಲಿ ಶುಶ್ರೂಷಾ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮಾಡಿದ ಭಾಷಣ)



ಏಕೀಕರಣದ ಮಾತನ್ನಾಡುವ ನಾವು ಶುಶ್ರೂಷಾ ಶಿಕ್ಷಣದ ವಿಷಯವನ್ನೆತ್ತಿಕೊಂಡುದು ಕೆಲವರಿಗೆ ಅಚ್ಚರಿಯಾಗಬಹುದು. 1956ನೆಯ ಇಸವಿ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು; ಕಾಸರಗೋಡು ಹೊರಗುಳಿಯಿತು. ಆದರೆ ನಮ್ಮ ಹಿರಿಯರು ಹಂಬಲಿಸಿದುದು ಭೂಪಟದ ಬಣ್ಣಕ್ಕಾಗಿ ಅಲ್ಲವಷ್ಟೆ. ಶಾಲೆ, ಕಚೇರಿ, ನ್ಯಾಯಸ್ಥಾನಗಳಲ್ಲಿ ಜನರ ವ್ಯವಹಾರವು ಜನರ ಮಾತಿನಲ್ಲಿಯೇ ನಡೆಯಬೇಕೆಂಬುದು ಅದರ ತಿರುಳು. ಆ ನ್ಯಾಯವು ರೋಗಿಯ ಮಂಚದವರೆಗೆ ತಲುಪಿದೆಯೆ?

ಈ ರಾಜಾಜಿನಗರದ ಕಾರ್ಮಿಕ ವಿಮಾ ಆಸ್ಪತ್ರೆಯನ್ನೇ ತೆಗೆದುಕೊಳ್ಳೋಣ. 1948ರ ಕಾಯಿದೆಯ ಮೇರೆಗೆ ವಿಮೆ ಹೊಂದಿದ ದುಡಿಮೆಗಾರರ ಸಂಸ್ಥೆ ಇದು. ಇಂತಹ ಕಡೆ ಮಾಗಡಿಯ ಕನ್ನಡವೂ ಕಲಬುರಗಿಯ ಕನ್ನಡವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬೆನ್ನಿಗೆ ತಮಿಳು, ತೆಲುಗು, ಉರ್ದು, ಹಿಂದಿ. ನಗರದ ದಾದಿಯರಲ್ಲಾದರೋ ಬಹುಮಂದಿ ಕೇರಳದಿಂದ ಬಂದವರು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರ ಸೇವೆಯಿಲ್ಲದೆ ನಮ್ಮ ಎಷ್ಟೋ ವಾರ್ಡುಗಳು ಒಂದು ರಾತ್ರಿಯೂ ನಡೆಯಲಾರವು. ಅವರಿಗೆ ನಾವು ಏನನ್ನು ಕಲಿಸಿದೆವು ಎಂಬುದೇ ಪ್ರಶ್ನೆ.

ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಬಿ.ಎಸ್‌ಸಿ. ಪಠ್ಯಕ್ರಮದಲ್ಲಿ ಮೊದಲ ಷಣ್ಮಾಸದಲ್ಲಿಯೇ ಸಂವಹನದ ಇಂಗ್ಲಿಷಿಗೆ ಸ್ಥಾನವುಂಟು. ಒಳ್ಳೆಯದೇ, ಔಷಧದ ಚೀಟಿ ಇಂಗ್ಲಿಷಿನಲ್ಲಿದೆ. ನೋವನ್ನು ಮಾತ್ರ ಯಾರೂ ಆ ಭಾಷೆಯಲ್ಲಿ ಹೇಳಿಕೊಳ್ಳುವುದಿಲ್ಲ. ನಮ್ಮ ಕಡೆಯ ಹೆಂಗಸು 'ಸಂಕಟ' ಎಂದರೆ ಮನಸ್ಸಿನ ದುಃಖವಲ್ಲ, ಹೊಟ್ಟೆ ತೊಳಸುವುದು, ಎದೆಯಲ್ಲಿ ಹಿಂಸೆಯಾಗುವುದು. 'ಹೊರಗಾಗಿದ್ದೇನೆ' ಎಂದರೆ ಮುಟ್ಟು. 'ಹೊರಕಡೆಗೆ ಹೋಗಬೇಕು' ಎಂದರೆ ಬಹಿರ್ದೆಸೆ. ಕಲಬುರಗಿಯವನು 'ತ್ರಾಸ' ಎಂದರೆ ಬೆಂಗಳೂರಿನ ಕನ್ನಡಿಗನೇ ತಕ್ಕಡಿಯನ್ನು ನೆನೆದಾನು! ಹೀಗಿರಲು ಈ ಶಿಕ್ಷಣವು ಮಲಯಾಳಿಗೆ ಮಾತ್ರವಲ್ಲ, ನಮ್ಮ ಮಕ್ಕಳಿಗೂ ಬೇಕು.

ಶಸ್ತ್ರಕ್ರಿಯೆಗೆ ಮುನ್ನ 'ಏನೂ ತಿನ್ನಬೇಡಿ' ಎಂದು ಹೇಳಿ ಹೋಗುವರು. ರೋಗಿಯು ಕಾಫಿ ಕುಡಿಯುತ್ತಾನೆ, ಕುಡಿಯುವುದು ತಿನ್ನುವುದಲ್ಲವಲ್ಲ! ಹೊಟ್ಟೆಯಲ್ಲಿದ್ದುದು ಪ್ರಜ್ಞೆ ತಪ್ಪಿದ ವೇಳೆಯಲ್ಲಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. 'ತಿಳಿಯಿತೆ?' ಎಂದು ಕೇಳಿ ಫಲವಿಲ್ಲ. ತಿಳಿಯದವನೂ ಭಯಕ್ಕೋ ಮರ್ಯಾದೆಗೋ ತಲೆಯಾಡಿಸುವನು. 'ಮನೆಯವರಿಗೆ ಇದನ್ನು ಹೇಗೆ ಹೇಳುವಿರಿ?' ಎಂದು ಅವನ ಬಾಯಿಂದಲೇ ಹೇಳಿಸಬೇಕು. ಒಂದು ನಿಮಿಷದ ಕೆಲಸ. ಎಂಟು ವರ್ಷದ ಮಗನನ್ನು ದ್ವಿಭಾಷಿಯನ್ನಾಗಿ ನಿಲ್ಲಿಸಿಕೊಂಡು ತಾಯಿಯ ಗರ್ಭಕೋಶದ ವಿಚಾರ ಕೇಳುವ ಪದ್ಧತಿಯಂತೂ ನಿಲ್ಲಲೇಬೇಕು.

ಮಾತೇ ಇಲ್ಲದವರ ಗತಿಯೇನು? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸಂವಹನವೆಂಬುದರಲ್ಲಿ ಸಂಜ್ಞಾಭಾಷೆಯನ್ನೂ ಬ್ರೈಲನ್ನೂ ಸೇರಿಸಿದೆ. ಕಿವುಡರೊಡನೆ ಮಾತಾಡುವಾಗ ಮುಖಗವಸು ತುಟಿಯನ್ನು ಮುಚ್ಚುವುದೆಂಬಷ್ಟು ಅರಿವಾದರೂ ಬೇಡವೆ? 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಿಂಗಾಂತರಿಗಳ ಆತ್ಮನಿರ್ಣಯವನ್ನು ಮನ್ನಿಸಿತು. ಅವರನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಮೆಲ್ಲನೆ ಕೇಳುವುದಕ್ಕೆ ಖರ್ಚೇನೂ ಇಲ್ಲ.

ಕೆಲವು ಕನ್ನಡಾಭಿಮಾನಿಗಳಿಗೆ ನಮ್ಮ ಮುಂದಿನ ಮಾತು ರುಚಿಸದಿರಬಹುದು. 2011ರ ಜನಗಣತಿಯಂತೆ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತಲೂ ಕಡಮೆ. ಕಾಸರಗೋಡಿನ ಆಸ್ಪತ್ರೆಯಲ್ಲಿ ಕನ್ನಡದ ಮುದುಕಿಯನ್ನು ಕನ್ನಡದಲ್ಲಿ ವಿಚಾರಿಸಬೇಕೆನ್ನುವ ನಾವು, ವಿಜಯನಗರದಲ್ಲಿ ಉರ್ದುವಿನ ಮುದುಕಿಗೆ ಬೆನ್ನು ತಿರುಗಿಸಿದರೆ ನಮ್ಮ ಬೇಡಿಕೆಗೆ ಬೆಲೆಯೆಲ್ಲಿಯದು? ಪ್ರತಿಯೊಬ್ಬ ದಾದಿಗೂ ಕನ್ನಡ ಬರಲೇಬೇಕು, ಅದರಲ್ಲಿ ರಾಜಿಯಿಲ್ಲ. ಅದರೊಡನೆ ನೋವು, ಉಸಿರು, ರಕ್ತ, ನೀರು ಎಂಬಂತಹ ಮೂವತ್ತು ನಲವತ್ತು ಪದಗಳು ಉಳಿದ ನಾಲ್ಕು ಭಾಷೆಗಳಲ್ಲಿಯೂ ಬರಲಿ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ವಾರ್ಡಿನ ಹಳೆಯ ಆಯಾಗಳಿಗೆ ಈ ನುಡಿಗಳೆಲ್ಲ ಕರತಲಾಮಲಕ. ಅವರನ್ನು ಕೂರಿಸಿ, ಸಂಭಾವನೆ ಕೊಟ್ಟು, ಪಾಠ ಹೇಳಿಸಿರಿ. ಬಸವೇಶ್ವರನಗರ, ಕೆಂಗೇರಿಗಳಲ್ಲಿ ನಿವೃತ್ತ ಉಪಾಧ್ಯಾಯರು ಎಷ್ಟಿಲ್ಲ! ವಾರಕ್ಕೊಂದು ಸಂಜೆ ಶುಶ್ರೂಷಾ ಶಾಲೆಗೆ ಬಂದು, ಕಿವಿ ಮಂದವಾದ ರೋಗಿಯಂತೆಯೋ ಅಕ್ಷರ ಬಾರದ ರೈತನಂತೆಯೋ ಕುಳಿತುಕೊಳ್ಳಲಿ. ವಿದ್ಯಾರ್ಥಿನಿಯು ಇನ್ಸುಲಿನ್ ಚುಚ್ಚಿಕೊಳ್ಳುವ ಬಗೆಯನ್ನು ಅವರಿಗೆ ತಿಳಿಯುವಂತೆ ಹೇಳಲಿ. ಒಪ್ಪುವ ಉಪಾಧ್ಯಾಯರು ಈ ಸಭೆ ಮುಗಿಯುವುದರೊಳಗೆ ತಮ್ಮ ಹೆಸರುಗಳನ್ನು ಕೊಡಬೇಕೆಂದು ಅರಿಕೆ ಮಾಡಿಕೊಳ್ಳುತ್ತೇವೆ.