ನಮ್ಮ ಬೆಟ್ಟದ ಗಿಡಗಳು, ನಮ್ಮ ಮಕ್ಕಳ ನುಡಿ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಅರ್ಧ ದಿನದ ಕೂಲಿ ಬಿಟ್ಟು ಸಭೆಗೆ ಬಂದವರಿದ್ದೀರಿ. ಟೀ ತೋಟದ ಕೆಲಸ ಮುಗಿಸಿ ಮನೆಗೂ ಹೋಗದೆ ನೇರವಾಗಿ ಬಂದವರಿದ್ದೀರಿ. ಹಾಜರಿ, ಅಂಕಗಳ ವಿಷಯವನ್ನು ತರಗತಿ ಶಿಕ್ಷಕರು ಹೇಳುತ್ತಾರೆ. ನಾನು ಇವತ್ತು ಕಾಡುಗಿಡಗಳ ವಿಷಯ ಮಾತನಾಡಬೇಕೆಂದಿದ್ದೇನೆ. ಶಾಲೆಯ ಸಭೆಯಲ್ಲಿ ಗಿಡದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೆ ಕೇಳಿ. ಈ ಮಾತು ನಿಮ್ಮ ಮಗುವಿನ ದಾಖಲಾತಿ ರಿಜಿಸ್ಟರಿನವರೆಗೂ ಹೋಗುತ್ತದೆ.

ಹೋದ ವರ್ಷ ಐದನೇ ತರಗತಿಯ ಮಕ್ಕಳಿಗೆ ಒಂದು ಚಿಕ್ಕ ಕೆಲಸ ಕೊಟ್ಟಿದ್ದೆ. "ನಿಮ್ಮ ಮನೆಯ ಸುತ್ತಮುತ್ತ ಯಾರೂ ನೆಡದೆ ತಾನಾಗಿ ಬೆಳೆಯುವ ಐದು ಗಿಡಗಳ ಹೆಸರು ಬರೆಯಿರಿ" ಎಂದೆ. ಹೆಚ್ಚಿನ ಮಕ್ಕಳು ಬರೆದದ್ದು ಟೀ, ಕ್ಯಾರೆಟ್, ಗುಲಾಬಿ, ನೀಲಗಿರಿ ಮರ, ಸೀಗೆ ಮರ. ಈ ಐದರಲ್ಲಿ ಒಂದೂ ಈ ಬೆಟ್ಟದಲ್ಲಿ ಹುಟ್ಟಿದ್ದಲ್ಲ. ನಾವು ನೀಲಗಿರಿ ಎಂದು ಕರೆಯುವ ಮರ 1843ರಲ್ಲಿ ಆಸ್ಟ್ರೇಲಿಯಾ ಕಡೆಯಿಂದ ಇಲ್ಲಿಗೆ ಬಂತು. ನಮ್ಮ ಬೆಟ್ಟದ ಹೆಸರನ್ನೇ ತನ್ನದಾಗಿಸಿಕೊಂಡು ಕರ್ನಾಟಕದ ಬಯಲಿಗೂ ಹೋಯಿತು. ಇಲ್ಲಿ ಜನ ಸೀಗೆ ಮರ ಎನ್ನುವುದು ವಾಟಲ್, ಅದೂ ಆಸ್ಟ್ರೇಲಿಯಾದ್ದೇ. ನಿಮ್ಮ ತಾಯಂದಿರು ತಲೆ ತೊಳೆಯಲು ಬಳಸುತ್ತಿದ್ದ ಸೀಗೇಕಾಯಿ ಬಿಡುವ ಗಿಡ ಇದಲ್ಲ.

ಒಬ್ಬ ಹುಡುಗಿ ಮಾತ್ರ "ಜಕ್ಕಲ" ಎಂದು ಬರೆದಿದ್ದಳು. ನನಗೆ ಆ ಹೆಸರು ಗೊತ್ತಿರಲಿಲ್ಲ. ನಾನು ಬಯಲುಸೀಮೆಯಿಂದ ಬಂದ ಮನುಷ್ಯ. ಬಿ.ಎಡ್. ಓದಿದರೂ ಈ ಬೆಟ್ಟದ ಪಾಠವನ್ನು ನನಗೆ ಯಾರೂ ಮಾಡಿರಲಿಲ್ಲ. ಮರುದಿನ ಅವಳು ಒಂದು ಒಣಕಡ್ಡಿ ತಂದು ಸಿಪ್ಪೆ ಕೆರೆದು ತೋರಿಸಿದಳು. ಒಳಗೆ ಅಚ್ಚ ಅರಿಶಿನದ ಬಣ್ಣ. "ನಮ್ಮಜ್ಜಿ ಹೇಳಿದ್ದು ಸಾರ್, ಮುಳ್ಳಿರುತ್ತೆ, ಹಣ್ಣು ತಿನ್ನಬಹುದು" ಎಂದಳು. ಪುಸ್ತಕದಲ್ಲಿ ಹುಡುಕಿದಾಗ ಅದು ಬೆರ್ಬೆರಿಸ್ ಟಿಂಕ್ಟೋರಿಯಾ ಎಂದು ಗೊತ್ತಾಯಿತು. ಟಿಂಕ್ಟೋರಿಯಾ ಎಂದರೆ ಬಣ್ಣ ಕೊಡುವುದು ಎಂದರ್ಥ. ಅಜ್ಜಿಯ ತಿಳಿವಳಿಕೆ, ವಿಜ್ಞಾನದ ಹೆಸರು ಎರಡೂ ಒಂದೇ ಮಾತನ್ನು ಹೇಳುತ್ತಿದ್ದವು. ಆ ದಿನ ನಾನು ವಿದ್ಯಾರ್ಥಿ, ಆ ಅಜ್ಜಿ ಗುರು.

ಬಂಧುಗಳೇ, ನಾವಿರುವುದು ಒಂದು ದ್ವೀಪದಲ್ಲಿ. ಸುತ್ತ ನೀರಿಲ್ಲ, ಬಿಸಿಲ ಬಯಲಿದೆ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತಿ ಉದಕಮಂಡಲಕ್ಕೆ ಬಂದವರಿಗೆ ಇದು ಗೊತ್ತು. ಕೆಳಗೆ ಮುಳ್ಳುಕಂಟಿಯ ಒಣಕಾಡು, ಮೇಲೆ ಚಳಿ, ಮಂಜು, ಹುಲ್ಲುಗಾವಲು. ದೊಡ್ಡಬೆಟ್ಟದ ಎತ್ತರ 2,637 ಮೀಟರು. ಈ ಎತ್ತರದ ಗಿಡ ಕೆಳಗಿನ ಬಯಲಿನಲ್ಲಿ ಬದುಕುವುದಿಲ್ಲ. ಹಾಗಾಗಿ ಕಡಲ ನಡುವಿನ ದ್ವೀಪದಲ್ಲಿ ಆಗುವಂತೆ ಇಲ್ಲಿಯೂ ಗಿಡಗಳು ಸಾವಿರಾರು ವರ್ಷ ಒಂಟಿಯಾಗಿ ಬೆಳೆದು ಬೇರೆಯದೇ ರೂಪ ಪಡೆದಿವೆ. ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದ ಬಂಡೆಗಳಲ್ಲಿ ದಿಕ್ತಮೊ ಎಂಬ ಸುವಾಸನೆಯ ಮೂಲಿಕೆ ಬೆಳೆಯುತ್ತದೆ. ಜಗತ್ತಿನ ಬೇರೆ ಯಾವ ನೆಲದಲ್ಲೂ ಅದು ತಾನಾಗಿ ಹುಟ್ಟುವುದಿಲ್ಲ. ಇಂಥವನ್ನು ಸ್ಥಳನಿಷ್ಠ ಸಸ್ಯಗಳು ಎನ್ನುತ್ತೇವೆ. ನಮ್ಮ ಬೆಟ್ಟದಲ್ಲೂ ಅಂಥವು ಬಹಳ ಇವೆ.

ಚಳಿಗಾಲ ಕಳೆಯುವ ಹೊತ್ತಿಗೆ ಶೋಲಾ ಕಾಡಿನ ಅಂಚಿನಲ್ಲಿ ಕೆಂಡದಂಥ ಹೂ ಬಿಡುವ ಡೊಂಕು ಮರವನ್ನು ನೋಡಿದ್ದೀರಿ. ಅದು ರೋಡೋಡೆಂಡ್ರಾನ್. ತಮಿಳಿನಲ್ಲಿ ಕಾಟ್ಟುಪ್ಪೂವರಸು ಎನ್ನುತ್ತಾರೆ. ಇದರ ಹತ್ತಿರದ ನೆಂಟರು ಇರುವುದು ಹಿಮಾಲಯದಲ್ಲಿ! ನಡುವೆ ಎಲ್ಲೂ ಇಲ್ಲ. ಮಳೆಗಾಲದಲ್ಲಿ ತೇವದ ಬಂಡೆಗಳ ಮೇಲೆ ಅರಳುವ ಕಾಡು ಕರ್ಣಕುಂಡಲದ ಹಲವು ಜಾತಿಗಳು ದಕ್ಷಿಣದ ಈ ಬೆಟ್ಟಗಳಿಗೇ ಸೀಮಿತ. ಕಹಳೆಯಂತೆ ಬಾಯ್ತೆರೆದ ಬಿಳಿಯ ನೀಲಗಿರಿ ಲಿಲ್ಲಿಯೂ ಹಾಗೆಯೇ. ಜೌಗು ನೆಲದಲ್ಲಿ ಬೆಳೆಯುವ ಒಂದು ಹುಲ್ಲನ್ನು ತೋಡರು ಅವ್‌ಫುಲ್ ಎನ್ನುತ್ತಾರೆ. ಅವರ ಗುಡಿಯ ಮಾಡಿಗೆ ಹೊದಿಸುವುದು ಅದನ್ನೇ. ಜೌಗು ಒಣಗಿದರೆ ಆ ಹುಲ್ಲು ಹೋಯಿತು. ಹುಲ್ಲು ಹೋದರೆ ಗುಡಿಯ ಮಾಡೂ ಹೋಯಿತು.

ಇನ್ನು ಕುರಿಂಜಿ. ಚಿಕ್ಕಮಗಳೂರಿನ ಕಡೆ ಗುರ್ಗಿ ಎನ್ನುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಗಿಡ ಸಾಯುತ್ತದೆ. 2006ರಲ್ಲಿ ಅರಳಿತು, 2018ರಲ್ಲಿ ಅರಳಿತು, ಮತ್ತೆ 2030ರಲ್ಲಿ ಎದುರು ನೋಡಬೇಕು. ಬಾಬಾಬುಡನ್‌ಗಿರಿಯ ಕಡೆ ಅದರ ಸರದಿ ಬೇರೆ, ಅಲ್ಲಿ 2022ರಲ್ಲಿ ಅರಳಿತ್ತು. ಬೀಜ ಬಿದ್ದ ವರ್ಷ ಆ ಇಳಿಜಾರನ್ನು ಅಗೆದರೆ ಅಥವಾ ಅಲ್ಲಿ ಬೇರೆ ಮರ ಬೆಳೆದು ನೆರಳಾದರೆ ಹನ್ನೆರಡು ವರ್ಷದ ಶ್ರಮ ಮಣ್ಣುಪಾಲು. 2024ರಲ್ಲಿ ಈ ಗಿಡವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿರುವ ಸಸ್ಯಗಳ ಜೊತೆ ಸೇರಿಸಿದ್ದಾರೆ.

ಇಷ್ಟೊಂದು ಗಿಡಗಳಿದ್ದ ನೆಲಕ್ಕೆ ಏನಾಯಿತು? 1819ರ ನಂತರ ಬ್ರಿಟಿಷರು ಬಂದಾಗ ಕಣಿವೆಗಳಲ್ಲಿ ಶೋಲಾ ಕಾಡು, ಗುಡ್ಡಗಳ ಮೇಲೆ ಹುಲ್ಲು ಇತ್ತು. ಹುಲ್ಲುಗಾವಲನ್ನು ಅವರು ಮರ ಕಡಿದು ಹಾಳಾದ ನೆಲ, ಉಪಯೋಗವಿಲ್ಲದ ಪಾಳುಭೂಮಿ ಎಂದು ಭಾವಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಈ ಬೆಟ್ಟದ ಜೌಗುಮಣ್ಣನ್ನು ಪರೀಕ್ಷಿಸಿ 1993ರಲ್ಲಿ ವರದಿ ಮಾಡಿದರು. ಸುಮಾರು 20,000 ವರ್ಷಗಳ ಹಿಂದೆಯೂ ಇಲ್ಲಿ ಹುಲ್ಲುಗಾವಲು ಇತ್ತು ಎಂಬುದು ಅದರಿಂದ ತಿಳಿಯಿತು. ಅಂದರೆ ಅದು ಪಾಳು ಬಿದ್ದ ನೆಲವಲ್ಲ. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಡುವ ನೆಲ. ಹೆಸರು ತಿಳಿಯದವರ ಕಣ್ಣಿಗೆ ಅದು ಖಾಲಿಯಾಗಿ ಕಂಡಿತು. ಸೌದೆಗೆ, ಚರ್ಮ ಹದ ಮಾಡಲು, ಕಾರ್ಖಾನೆಗೆ ಎಂದು ನೀಲಗಿರಿ, ವಾಟಲ್ ನೆಟ್ಟರು. ಸ್ವಾತಂತ್ರ್ಯದ ನಂತರ ಇನ್ನೂ ಹೆಚ್ಚು ನೆಟ್ಟೆವು. ಹಳದಿ ಹೂವಿನ ಬ್ರೂಮ್ ಕಂಟಿ ಯೂರೋಪಿನಿಂದ ಬಂದು ಹುಲ್ಲಿನ ಮೇಲೆ ಹಬ್ಬಿತು.

ಕೆಳಗಿನ ಕಾಡಿನ ಕಥೆಯೂ ಅದೇ. ಗೂಡಲೂರು, ಮಸಿನಗುಡಿ ಕಡೆಯಿಂದ ಬಂದವರಿಗೆ ಉಣ್ಣಿಗಿಡ, ಅಂದರೆ ಲಂಟಾನ, ಗೊತ್ತೇ ಇದೆ. ಅದರಡಿ ಹುಲ್ಲು ಬೆಳೆಯುವುದಿಲ್ಲ, ದನಕ್ಕೂ ಜಿಂಕೆಗೂ ಮೇವಿಲ್ಲ. ಈಗ ಮುದುಮಲೈ ಕಾಡಿನಲ್ಲಿ ಹಳದಿ ಹೂವಿನ ಸೆನ್ನಾ ಎಂಬ ಅಮೆರಿಕದ ಮರ ಹಬ್ಬಿದೆ. ದೂರದಿಂದ ನಮ್ಮ ಕಕ್ಕೆಯಂತೆಯೇ ಕಾಣುತ್ತದೆ. ಗುರುತು ಹೇಳುತ್ತೇನೆ, ಮಕ್ಕಳಿಗೂ ಹೇಳಿ. ಕಕ್ಕೆಯ ಹೂಗೊಂಚಲು ಸರದಂತೆ ಕೆಳಗೆ ಇಳಿಬೀಳುತ್ತದೆ, ಸೆನ್ನಾದ ಗೊಂಚಲು ಮೇಲಕ್ಕೆ ನಿಂತಿರುತ್ತದೆ. ಇಂಥ ಗಿಡಗಳನ್ನು ತೆಗೆದು ಮೂಲ ಕಾಡನ್ನು ಮತ್ತೆ ಬೆಳೆಸಲು ತಮಿಳುನಾಡು ಸರ್ಕಾರ 2022ರಲ್ಲಿ ಒಂದು ನೀತಿಯನ್ನೇ ರೂಪಿಸಿದೆ. ಕೀಳುವ ಕೈಗೆ ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಗೊತ್ತಿರಬೇಕಲ್ಲ. ಹೆಸರು ಗೊತ್ತಿಲ್ಲದವನು ಕಕ್ಕೆಯನ್ನೂ ಕಡಿದು ಬಂದಾನು.

ಈಗ ನಿಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ಪಠ್ಯಪುಸ್ತಕ ಇಡೀ ರಾಜ್ಯಕ್ಕೆಲ್ಲ ಒಂದೇ. ಕಡಲತೀರದ ಮಗುವೂ ಅದನ್ನೇ ಓದುತ್ತದೆ. ನಮ್ಮ ಬೆಟ್ಟದ ಪ್ರತಿ ಗಿಡವೂ ಅದರಲ್ಲಿ ಇರಬೇಕೆಂದು ಕೇಳಲಾಗದು. ಆ ಪಾಠ ಇರುವುದು ನಿಮ್ಮ ಮನೆಯಲ್ಲಿ, ನಿಮ್ಮ ಮಾತಿನಲ್ಲಿ. ಬಡಗರ ಹಟ್ಟಿಯ ಅಜ್ಜಿಗೆ ಜಕ್ಕಲ, ತವುಟೆ ಹಣ್ಣು ಗೊತ್ತು. ಮಸಿನಗುಡಿಯ ತಂದೆಗೆ ದಿಂಡುಗ, ಹೊನ್ನೆ, ಮತ್ತಿ, ನೆಲ್ಲಿ ಗೊತ್ತು. ಜೇನು ಕುರುಂಬರ ಮನೆಯವರಿಗೆ ಯಾವ ಹೂವಿನ ಕಾಲಕ್ಕೆ ಜೇನು ಎಲ್ಲಿ ಕಟ್ಟುತ್ತದೆ ಎಂಬುದು ಗೊತ್ತು. ತರಗತಿಯಲ್ಲಿ ನಾವು ಎಲೆ, ಬೇರು, ಪರಾಗ, ಬೀಜ ಎಂದು ಕನ್ನಡದಲ್ಲಿ ಕಲಿಸುವುದರಿಂದ ಮಗು ಮನೆಯ ಹೆಸರನ್ನು ಸಂಕೋಚವಿಲ್ಲದೆ ಪಾಠಕ್ಕೆ ತರುತ್ತದೆ. ಬಡಗ ನುಡಿ ಕನ್ನಡಕ್ಕೆ ಅಕ್ಕತಂಗಿಯಂತೆ. ದೊಡ್ಡಬೆಟ್ಟ ಎಂದರೇನೆಂದು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಮಾತು ಮತ್ತು ಪಾಠದ ಮಾತು ತೀರ ದೂರವಾದಾಗ ಜಕ್ಕಲ ಎಂಬ ಮಾತು ಮಗುವಿನ ಬಾಯಲ್ಲೇ ಉಳಿಯುತ್ತದೆ. ಹತ್ತು ವರ್ಷದಲ್ಲಿ ಅದೂ ಮರೆಯುತ್ತದೆ.

ಇದು ಬರಿಯ ಅಭಿಮಾನದ ಮಾತಲ್ಲ. ಊಟಿಯ ಬೇಲಿಗಳಲ್ಲಿ ಗಂಟೆಯಂತೆ ತೂಗುವ ದೊಡ್ಡ ಬಿಳಿ ಹೂವು ದತ್ತೂರದ ನೆಂಟ, ಇಡೀ ಗಿಡ ವಿಷ. ಯಾವುದನ್ನು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂದು ಮಗುವಿಗೆ ಮೊದಲು ಗೊತ್ತಾಗಬೇಕಾದದ್ದು ಮನೆಯ ಮಾತಿನಲ್ಲಿ.

ತಮಿಳು ಕಲಿಯುವುದು ಬೇಡ ಎಂದು ನಾನು ಹೇಳುತ್ತಿಲ್ಲ. 2006ರ ತಮಿಳು ಕಲಿಕೆ ಕಾಯ್ದೆಯಂತೆ ನಮ್ಮ ಮಕ್ಕಳಿಗೆ ತಮಿಳು ಪಾಠವೂ ಇದೆ. ಕಲಿಯಲಿ, ಚೆನ್ನಾಗಿ ಕಲಿಯಲಿ. ಈ ನೆಲದ ಅನ್ನ ಉಣ್ಣುತ್ತಿದ್ದೇವೆ. ಕುರಿಂಜಿ ಎಂಬ ಹೂವಿನ ಹೆಸರನ್ನೇ ಬೆಟ್ಟದ ಸೀಮೆಗೆ ಇಟ್ಟವರು ಹಳೆಯ ತಮಿಳು ಕವಿಗಳು. ಇಂಗ್ಲಿಷೂ ಬೇಕು. ಆದರೆ ಮೂರು ಭಾಷೆ ಕಲಿಯುವ ಮಗುವಿಗೆ ಕಾಲೂರಲು ಒಂದು ನೆಲ ಬೇಕು. ಅದು ಮಾತೃಭಾಷೆ.

ಸಂವಿಧಾನದ 350ಎ ವಿಧಿ 1956ರಲ್ಲಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಅದಕ್ಕೂ ಮೊದಲು, 1949ರಲ್ಲಿ, ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಅಳತೆಯನ್ನು ಒಪ್ಪಿತ್ತು. ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು ಎಂದು. ಇದರ ಅರ್ಥ ಗಮನಿಸಿ. ನಮ್ಮ ಹಕ್ಕು ನಿಂತಿರುವುದು ಎಣಿಕೆಯ ಮೇಲೆ. ದಾಖಲಾತಿಯ ದಿನ ಮಾತೃಭಾಷೆಯ ಕಲಮನ್ನು ಅವಸರದಲ್ಲಿ ಖಾಲಿ ಬಿಟ್ಟರೆ, ಅಥವಾ "ಏನಾದರೂ ಬರೆದುಕೊಳ್ಳಿ ಸಾರ್" ಎಂದರೆ, ಲೆಕ್ಕದಲ್ಲಿ ನಿಮ್ಮ ಮಗು ಇಲ್ಲ. ಹೆಸರಿಲ್ಲದ ಹುಲ್ಲುಗಾವಲನ್ನು ಪಾಳುಭೂಮಿ ಎಂದಂತೆ, ಇಲ್ಲಿ ಕನ್ನಡದ ಮಕ್ಕಳೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾವು ತೋರಿಸುವುದೇನು?

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಮೂರು.

ಮೊದಲನೆಯದು, ನಿಮ್ಮ ಮಗುವಿನ ದಾಖಲೆಯಲ್ಲಿ ಮಾತೃಭಾಷೆ ಸರಿಯಾಗಿ ಬರೆದಿದೆಯೇ ಎಂದು ಇವತ್ತೇ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನೋಡಿಕೊಂಡು ಹೋಗಿ. ನೀವು ಮನೆಯಲ್ಲಿ ನಿಜವಾಗಿ ಯಾವ ಮಾತು ಆಡುತ್ತೀರೋ ಅದನ್ನೇ ಬರೆಸಿ.

ಎರಡನೆಯದು, ನಾವು "ನಮ್ಮೂರ ಗಿಡಗಳು" ಎಂಬ ಒಂದು ನೋಟ್‌ಪುಸ್ತಕ ಮಾಡಿಸುತ್ತಿದ್ದೇವೆ. ವಾರಕ್ಕೆ ಒಂದು ಗಿಡ ಸಾಕು. ಮನೆಯ ಹಿರಿಯರನ್ನು ಕೇಳಿ ಮಗು ಅದರ ಹೆಸರು, ಹೂ ಬಿಡುವ ತಿಂಗಳು, ಉಪಯೋಗ ಬರೆಯಲಿ. ಪಕ್ಕದಲ್ಲಿ ತಮಿಳು ಹೆಸರನ್ನೂ ಬರೆಯಲಿ. ಮನೆಮನೆಗೂ ಉಚ್ಚಾರ ಸ್ವಲ್ಪ ಬೇರೆ ಇರುತ್ತದೆ, ನೀವು ಹೇಳುವಂತೆಯೇ ಬರೆಯಲಿ, ನಾವು ತಿದ್ದುವುದಿಲ್ಲ. ಓದು ಬಾರದ ಅಜ್ಜ ಅಜ್ಜಿಯರೇ ಇದಕ್ಕೆ ಮುಖ್ಯ. ಆದರೆ ಗಿಡ ಕೀಳಬೇಡಿ. ಕಾಡಿನೊಳಗಿನದನ್ನಂತೂ ಮುಟ್ಟಲೇಬಾರದು. ಚಿತ್ರ ಬರೆದರೆ, ಬಿದ್ದ ಎಲೆ ಅಂಟಿಸಿದರೆ ಸಾಕು.

ಮೂರನೆಯದು, ಮಗುವನ್ನು ನಡುವೆ ಬಿಡಿಸಬೇಡಿ. ಆಂಗ್ಲ ಮಾಧ್ಯಮದ ಬಸ್ಸು ಬಾಗಿಲಿಗೆ ಬರುತ್ತದೆ, ನೆರೆಮನೆಯವರ ಮಗು ಹೋಗುತ್ತದೆ, ನಿಮ್ಮ ಮನಸ್ಸು ಎಳೆಯುತ್ತದೆ. ಅದು ನನಗೆ ಗೊತ್ತು, ನಾನೂ ತಂದೆಯೇ. ಬಿಡಿಸಬೇಕು ಅನ್ನಿಸಿದರೆ ಮೊದಲು ಬಂದು ನಮ್ಮೊಡನೆ ಮಾತನಾಡಿ. ಇಲ್ಲಿನ ಕೊರತೆ ಏನೆಂದು ಮುಖಕ್ಕೆ ಹೇಳಿ. ಸರಿಪಡಿಸಬಹುದಾದದ್ದನ್ನು ಸರಿಪಡಿಸುತ್ತೇವೆ.

2018ರಲ್ಲಿ ಕುರಿಂಜಿ ಅರಳಿದಾಗ ಒಂದನೇ ತರಗತಿಗೆ ಸೇರಿದ ಮಗು, 2030ರಲ್ಲಿ ಅದು ಮತ್ತೆ ಅರಳುವ ವರ್ಷವೇ ಪ್ಲಸ್ ಟು ಮುಗಿಸುತ್ತದೆ. ಒಂದು ಮಗುವಿನ ಓದಿಗೂ ಆ ಗಿಡಕ್ಕೂ ಬೇಕಾಗುವ ಕಾಲ ಒಂದೇ. ನಡುವಿನ ವರ್ಷಗಳಲ್ಲಿ ಆ ಗಿಡದಲ್ಲಿ ಹೂ ಕಾಣದು, ಬರಿಯ ಪೊದೆಯಂತೆ ಕಾಣುತ್ತದೆ. ಅದನ್ನು ಬಲ್ಲವರು ಕಡಿಯದೆ ಬಿಡುತ್ತಾರೆ. 2030ರಲ್ಲಿ ನಮ್ಮ ಮಕ್ಕಳು ಆ ಇಳಿಜಾರಿನಲ್ಲಿ ನಿಂತು, ಅದರ ಹೆಸರನ್ನು ತಮ್ಮ ಮಾತಿನಲ್ಲಿ ಹೇಳಲಿ ಎಂಬುದು ನನ್ನ ಆಸೆ.

ಹೋಗುವ ಮುನ್ನ ರಿಜಿಸ್ಟರ್ ನೋಡುವುದನ್ನು ಮರೆಯಬೇಡಿ.